ಓರೆಯಾಗಿ ನಿಂತ ದಪ್ಪ ಅಕ್ಷರದ ಕಥೆ

ಯಾವುದೇ ಊರಿನ ಬಸ್ ನಿಲ್ದಾಣದಲ್ಲಿ ನಿಂತು ಫ್ಲೆಕ್ಸ್‌ಗಳನ್ನು ಒಮ್ಮೆ ನೋಡಿ. ‘ಭಾರಿ ರಿಯಾಯಿತಿ’ ಎಂಬ ಮಾತು ದಪ್ಪಗೆ, ಬಲಕ್ಕೆ ವಾಲಿಕೊಂಡು, ಓಡುತ್ತಿರುವ ಹಾಗೆ ಕಾಣುತ್ತದೆ. ಷರತ್ತುಗಳು ಮಾತ್ರ ಕೆಳಗೆ ಸಾಸಿವೆ ಕಾಳಿನಷ್ಟು. ಈ ದಪ್ಪ ಓರೆ ಅಕ್ಷರ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದ ನಾವು ತಲುಪಿದ್ದು ಇನ್ನೂರು ವರ್ಷ ಹಿಂದಿನ ಲಂಡನ್ನಿಗೆ.

ಓರೆ ಅಕ್ಷರ, ಅಂದರೆ ಇಟಾಲಿಕ್, ಅದಕ್ಕಿಂತ ಬಹಳ ಹಳೆಯದು. 1501ರಲ್ಲಿ ಇಟಲಿಯ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್, ವರ್ಜಿಲ್ ಕವಿಯ ಕೃತಿಗಳನ್ನು ಪೂರ್ತಿ ಇಟಾಲಿಕ್‌ನಲ್ಲೇ ಅಚ್ಚು ಹಾಕಿದ. ಅಕ್ಷರಗಳನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅಂದಿನ ವಿದ್ವಾಂಸರ ಕೈಬರಹವೇ ಅದಕ್ಕೆ ಮಾದರಿ. ಪುಸ್ತಕ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅಕ್ಷರ ತೆಳು. ಒಬ್ಬರೇ ಕೂತು ಓದುವವರಿಗಾಗಿ ಹುಟ್ಟಿದ ಅಕ್ಷರ ಅದು.

ಅದು ಬೀದಿಗೆ ಬಂದದ್ದು 19ನೇ ಶತಮಾನದ ಆರಂಭದಲ್ಲಿ. ಲಂಡನ್ನಿನ ಗೋಡೆಗಳ ಮೇಲೆ ಭಿತ್ತಿಪತ್ರಗಳ ಪೈಪೋಟಿ ಶುರುವಾಗಿತ್ತು. ಪುಸ್ತಕದ ಅಕ್ಷರ ದೂರಕ್ಕೆ ಕಾಣುತ್ತಿರಲಿಲ್ಲ. ಆಗ ಅಚ್ಚುಮೊಳೆ ತಯಾರಿಸುವವರು ‘ಫ್ಯಾಟ್ ಫೇಸ್’ ಅಕ್ಷರಗಳನ್ನು ತಂದರು. ರಾಬರ್ಟ್ ಥಾರ್ನ್ ಅವರಲ್ಲಿ ಮುಖ್ಯನಾದವನು. ಅಕ್ಷರದ ದಪ್ಪ ಗೆರೆಯನ್ನು ಕಂಬದಷ್ಟು ಉಬ್ಬಿಸಿದರು, ತೆಳು ಗೆರೆಯನ್ನು ಕೂದಲೆಳೆಯಂತೆ ಉಳಿಸಿದರು. ಇದಕ್ಕೇ ಇಟಾಲಿಕ್ ರೂಪವೂ ಬಂತು. ನೇರ ನಿಂತ ಸಾಲುಗಳ ನಡುವೆ ಒಂದು ಸಾಲು ಮಾತ್ರ ವಾಲಿದ್ದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಇದನ್ನು ಮಾಡುವುದು ಸುಲಭವೂ ಆಗಿರಲಿಲ್ಲ. ಮೊಳೆ ಚೌಕ, ಅಕ್ಷರ ಓರೆ. ಮೊಳೆಯಿಂದ ಹೊರಚಾಚಿದ ತುದಿಗಳು ಬೇಗ ಮುರಿಯುತ್ತಿದ್ದವು.

ಇಂಥ ದಪ್ಪ ಅಕ್ಷರಗಳನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಲಾಟರಿ ವ್ಯಾಪಾರಿಗಳು ಮುಂದಿದ್ದರು. ಆಗ ಲಾಟರಿ ನಡೆಸುತ್ತಿದ್ದುದು ಬ್ರಿಟಿಷ್ ಸರ್ಕಾರವೇ. ಟಿಕೆಟ್ ದುಬಾರಿ. ಆದ್ದರಿಂದ ಒಂದೇ ಟಿಕೆಟನ್ನು ಹದಿನಾರು ಪಾಲಿನವರೆಗೂ ಒಡೆದು ಮಾರುತ್ತಿದ್ದರು. ಬಹುಮಾನದ ಮೊತ್ತ ದೊಡ್ಡ ಅಕ್ಷರದಲ್ಲಿ ಕೂಗುತ್ತಿತ್ತು. ಲಾಟರಿಯಿಂದ ಬಡತನ ಹೆಚ್ಚುತ್ತಿದೆ ಎಂದು ಸಂಸತ್ತಿನ ಸಮಿತಿಯೇ 1808ರಲ್ಲಿ ಹೇಳಿತು. ಆದರೂ ಅದು ನಿಂತದ್ದು 1826ರಲ್ಲಿ.

ನಮ್ಮ ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಟಿಕೆಟ್ ಹೋಯಿತು, ಅಕ್ಷರ ಉಳಿಯಿತು. ಕನ್ನಡ ಬರಹಕ್ಕೆ ಇಟಾಲಿಕ್‌ನ ಪರಂಪರೆ ಇಲ್ಲ. ಎಷ್ಟೋ ಕಡೆ ನೇರ ಅಕ್ಷರವನ್ನೇ ಕಂಪ್ಯೂಟರ್ ಒಂದು ಕಡೆಗೆ ತಳ್ಳಿ ವಾಲಿಸುತ್ತದೆ. ದುಂಡಗಿನ ಅಕ್ಷರ ಸೊಟ್ಟಗಾಗುತ್ತದೆ. ತೀರಾ ದಪ್ಪ ಮಾಡಿದರೆ ಒತ್ತಕ್ಷರಗಳು ಒಂದಕ್ಕೊಂದು ಅಂಟಿ ಓದಲು ಕಷ್ಟ.

ಅಕ್ಷರದ ತಪ್ಪೇನೂ ಇಲ್ಲ. ಜಾತ್ರೆ, ನಾಟಕ, ಪಲ್ಸ್ ಪೋಲಿಯೊ ಲಸಿಕೆ ದಿನವನ್ನು ಊರಿಗೆಲ್ಲ ಸಾರಲು ದಪ್ಪ ಅಕ್ಷರವೇ ಬೇಕು. ಆದರೆ ‘ಐದೇ ನಿಮಿಷದಲ್ಲಿ ಸಾಲ’ ಎಂದು ನಿಮ್ಮ ಮೊಬೈಲ್ ಪರದೆಯ ಮೇಲೆ ದಪ್ಪ ಅಕ್ಷರ ಓಡಿಬಂದರೆ ಆ ಲಂಡನ್ ಗೋಡೆಗಳನ್ನು ನೆನಪು ಮಾಡಿಕೊಳ್ಳಿ. ಹಣ ಕಟ್ಟುವ ಮೊದಲು ಎರಡು ಬೆರಳಿನಿಂದ ಪರದೆ ಹಿಗ್ಗಿಸಿ, ಕೆಳಗಿನ ಸಣ್ಣ ಸಾಲನ್ನು ಓದಿ. ಅದು ಅರ್ಥವಾಗದಿದ್ದರೆ, ಓದಬಲ್ಲ ಒಬ್ಬರಿಗೆ ತೋರಿಸಿ.