ಗಂಧದ ಸೋಪು, ನಮ್ಮ ಬದುವಿನ ಗಿಡ

ಬದುವಿಗೆ ಹಚ್ಚಿದ ಗಂಧದ ಸಸಿ ನೋಡಿ ಬಾಜೂ ಹೊಲದ ಕಾಕಾ, "ಯಾಕೋ ತಮ್ಮಾ, ಜೇಲಿಗೆ ಹೋಗಾಂವಿದ್ದೀ ಏನು?" ಅಂದ. ಕಾಕಾನ ಅಂಜಿಕಿ ಸುಳ್ಳಲ್ಲ, ಹಳೇದು. ಅದರ ಕತಿ ಬರೀತೀನಿ.

ಬ್ಯಾಸಗಿಯೊಳಗ ಮೈತುಂಬ ಬೆವರುಗುಳ್ಳಿ ಎದ್ದರ ನಮ್ಮ ಅವ್ವ ಸಾಣಿಕಲ್ಲಿನ ಮ್ಯಾಲೆ ಗಂಧದ ಕೊರಡು ತೇಯ್ದು ಹಚ್ಚತಿದ್ದಳು. ಆ ವಾಸನಿ ಸ್ಯಾಂಟಲಾಲ್ ಅನ್ನೋ ಅಂಶದ್ದು. ಗಂಧದ ಎಣ್ಣಿಯೊಳಗ ಬಹುಪಾಲು ಅದೇ ಇರತೈತಿ. ಚರ್ಮದ ಬಾವು ತಗ್ಗಿಸೋ ಗುಣ ಅದಕ್ಕೈತಿ ಅಂತ ಪ್ರಯೋಗದಾಗ ಕಂಡೈತಿ; ಕೆಲವರ ಮೈಗೆ ಮಾತ್ರ ಅದೇ ಎಣ್ಣಿ ತುರಿಕಿ ಎಬ್ಬಸ್ತೈತಿ. ಎಲಿ, ತೊಗಟಿ, ಹೊರಗಿನ ಬಿಳಿ ಕಟ್ಟಿಗಿಯೊಳಗ ಈ ಎಣ್ಣಿ ಹುಡುಕಬ್ಯಾಡ್ರಿ. ಒಳಗಿನ ಕೆಂಚನೆ ಚೇಗು ಮತ್ತು ಬೇರಿನ್ಯಾಗ ಐತಿ. ಚೇಗು ಕಟ್ಟಾಕ ಹತ್ತು-ಹದಿನೈದು ವರ್ಷ ಬೇಕು.

1792ರಾಗ ಟಿಪ್ಪು ಸುಲ್ತಾನ ಇದನ್ನ ರಾಜವೃಕ್ಷ ಅಂತ ಸಾರಿದ. ಮುಂದ ಮೈಸೂರಿನ ಕಟ್ಟಿಗಿ ಹಡಗು ಹತ್ತಿ ಯುರೋಪಿಗೆ ಹೋಗತಿತ್ತು. 1914ಕ್ಕ ಯುದ್ಧ ಸುರುವಾಗಿ ಕಟ್ಟಿಗಿ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರು ಎಣ್ಣಿ ಇಲ್ಲೇ ತಗ್ಯೂಣು ಅಂದ್ರು. 1916ರಾಗ ಬೆಂಗಳೂರಿನ್ಯಾಗ ಸುರುವಾತು. ಕಟ್ಟಿಗಿ ಪುಡಿಯೊಳಗ ಉಗಿ ಹಾಯಿಸಿದ್ರ ಎಣ್ಣಿ ಉಗಿ ಕೂಡ ಬರತೈತಿ, ತಂಪಾದ ಮ್ಯಾಲೆ ನೀರಿನ ಮ್ಯಾಲೆ ತೇಲತೈತಿ. ಸೋಪಿನ ವಿದ್ಯಾ ಕಲಿಯಾಕ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನ ಇಂಗ್ಲೆಂಡಿಗೆ ಕಳಿಸಿದ್ರು. ನಮ್ಮ ಮೈಸೂರ್ ಸ್ಯಾಂಡಲ್ ಸೋಪು ಹುಟ್ಟಿದ್ದು ಹಿಂಗ.

ಇಷ್ಟೆಲ್ಲಾ ಹೆಸರಾತು, ಬೆಳಿಯೋ ರೈತಗ ಏನು ಸಿಕ್ತು? ಧಾರವಾಡ ಸೀಮಿ ಆಗ ಮುಂಬಯಿ ಪ್ರಾಂತದಾಗಿತ್ತು, 1956ಕ್ಕ ಮೈಸೂರು ರಾಜ್ಯಕ್ಕ ಸೇರಿತು. ನಾ ತಿಳುವಳಿಕಿ ಬಂದಾಗಿಂದ ಕೇಳಿದ್ದು ಒಂದೇ: ಹೊಲ ನಮ್ಮದು, ಗಂಧದ ಗಿಡ ಸರ್ಕಾರದ್ದು. ಕಳ್ಳರು ಕಡದ್ರೂ ವಿಚಾರಣಿ ನಮಗ. ಹಕ್ಕಿ ಹಿಕ್ಕಿಯಿಂದ ತಾನ ಹುಟ್ಟಿದ ಸಸಿ ಕಂಡ್ರ ನಮ್ಮ ಮುತ್ಯಾ ಎರಡನೇ ಎಲಿ ಬರೂದರಾಗ ಕಿತ್ತು ಒಗೀತಿದ್ದ. ಅಂಥಾ ಮುತ್ಯಾಗಳು ಊರೂರಿಗೆ ಇದ್ರು. ಕಾಡಿನ್ಯಾಗ ಕಳ್ಳರು, ಹೊಲದಾಗ ನಾವು. ಕಡೀಕ ಸೋಪಿನ ಕಾರ್ಖಾನಿಗೇ ಕಟ್ಟಿಗಿ ಸಾಲದಂಗ ಆತು.

2001ರಾಗ ಅರಣ್ಯ ಕಾಯ್ದೆ ತಿದ್ದಿದ್ರು. ಈಗ ನಿಮ್ಮ ಹೊಲದ ಗಂಧ ನಿಮ್ಮದ. ಕಡಿಯಾಕ ಮಾತ್ರ ಅರಣ್ಯ ಇಲಾಖೆಯ ಪರವಾನಗಿ ಬೇಕು. ಸೋಪಿನ ಕಾರ್ಖಾನಿಯವರೂ ಬೆಳೀರಿ ಅಂತ ರೈತರನ್ನ ಕರೀತಾರ. ಕಳ್ಳರ ಕಾಟ ಹೋಗಿಲ್ಲ, ಅದನ್ನ ಮುಚ್ಚಿಡೂದಿಲ್ಲ.

ನಾ ಎಂಟು ಹಚ್ಚೀನಿ, ಉತಾರದಾಗ ಬರಸೀನಿ. ಗಂಧದ ಬೇರು ಬ್ಯಾರೆ ಗಿಡದ ಬೇರಿನಿಂದ ಹೀರಿ ಬದುಕತೈತಿ, ಅದಕ್ಕ ಬಗಲಿಗೆ ತೊಗರಿ ಹಾಕೀನಿ. ಕಾಕಾಗೂ ಎರಡು ಸಸಿ ಇಟ್ಟೀನಿ, ಇನ್ನೂ ಒಯ್ದಿಲ್ಲ.