ಕೊಯ್ದ ಮೂಗು, ಕಟ್ಟಿದ ಕೈ

ಮೂಗು ಉಸಿರಿನ ಅಂಗ ಮಾತ್ರವಲ್ಲ, ಮಾನದ ಕುರುಹೂ ಹೌದೆಂದು ನಮ್ಮ ಸಮಾಜ ಬಹುಕಾಲದಿಂದ ಭಾವಿಸಿದೆ. ಆದ್ದರಿಂದಲೇ ಹಗೆಯನ್ನು ಕೊಲ್ಲದೆ ಅವಮಾನಗೊಳಿಸಬಯಸಿದವರು ಅವನ ಮೂಗನ್ನು ಕೊಯ್ದರು.

ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಇಂತಹ ಶಿಕ್ಷೆ ಆ ಕಾಲದಲ್ಲಿ ಒಬ್ಬ ಅರಸನಿಗಷ್ಟೇ ಸೀಮಿತವಾಗಿರಲಿಲ್ಲ. ವರ್ಷದ ಬಳಿಕ, ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು.

ಅವನು ಮೇಣದ ತೆಳು ಹಾಳೆಯಿಂದ ಅಚ್ಚು ತೆಗೆದು, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆದನು. ಗೆರೆಯಗುಂಟ ಚರ್ಮವನ್ನು ಬಿಡಿಸಿದನಾದರೂ ಕಣ್ಣುಗಳ ನಡುವೆ ಒಂದು ಕಿರುಪಟ್ಟಿಯನ್ನು ಉಳಿಸಿದನು. ಬಿಡಿಸಿದ ಚರ್ಮವನ್ನು ತಿರುಗಿಸಿ ಮೂಗಿನ ಸ್ಥಾನದಲ್ಲಿ ಕೂಡಿಸಿ, ಕಾಚು ಸವರಿದ ಬಟ್ಟೆಯನ್ನು ಹೊದಿಸಿದನು. ಚರ್ಮ ಕೂಡಿಕೊಳ್ಳುವವರೆಗೆ ಆ ಪಟ್ಟಿಯ ಮೂಲಕವೇ ರಕ್ತ ಹರಿಯಿತು. ಮೂರು ವಾರಗಳು ಕಳೆದ ಮೇಲೆ ಅದನ್ನು ಕತ್ತರಿಸಲಾಯಿತು. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆ ಬಹು ಹಿಂದೆಯೇ ಹೇಳಿತ್ತು; ಇಲ್ಲಿ ಹಣೆಯ ಚರ್ಮ ಬಳಕೆಯಾಯಿತು.

ಈ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಶಸ್ತ್ರಕ್ರಿಯೆ ನಡೆಸಿದನು. ಇಂದಿಗೂ ವೈದ್ಯರು ಹಣೆಯ ಚರ್ಮದಿಂದ ಮೂಗು ಕಟ್ಟುತ್ತಾರೆ. ಆದರೆ ಆ ಇಟ್ಟಿಗೆಗಾರನ ಹೆಸರನ್ನು ಮಾತ್ರ ಆ ವರದಿ ಉಳಿಸಲಿಲ್ಲ.

ಅವನ ವಿದ್ಯೆಯ ತಿರುಳು ನಮಗೂ ಬೇಕಾದುದು. ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ದಾರಿಗಳಲ್ಲಿ ಬೈಕಿನಿಂದ ಬಿದ್ದವನ ಮುಖದಿಂದ ರಕ್ತ ಧಾರೆಯಾಗಿ ಸುರಿದರೆ ನೋಡುವವರು ಹೆದರುತ್ತಾರೆ. ಮುಖದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ರಕ್ತ ಹೆಚ್ಚು ಸುರಿಯುತ್ತದೆ. ಅದೇ ಕಾರಣದಿಂದ ಗಾಯವೂ ಬೇಗ ಕೂಡುತ್ತದೆ. ಆದುದರಿಂದ ನೇತಾಡುವ ಚರ್ಮವನ್ನು ಕಿತ್ತೊಗೆಯಬಾರದು. ಅರಿಶಿನ, ಕಾಫಿಪುಡಿ, ತಂಬಾಕುಗಳನ್ನು ತುಂಬಬಾರದು. ಶುದ್ಧವಾದ ಬಟ್ಟೆಯನ್ನು ಒತ್ತಿಹಿಡಿದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೊಲಿಗೆಯೊಡನೆ ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುವರು.

ಪೊಲೀಸು, ಸಾಕ್ಷಿಗಳ ಭಯದಿಂದ ಹಿಂಜರಿಯುವವರಿದ್ದಾರೆ. 2019ರಲ್ಲಿ ತಿದ್ದುಪಡಿಗೊಂಡ ಮೋಟಾರು ವಾಹನ ಕಾಯಿದೆ ಸದ್ಭಾವದಿಂದ ನೆರವಾದವನಿಗೆ ರಕ್ಷಣೆ ನೀಡಿದೆ. ಇನ್ನೊಬ್ಬನ ಮುಖವನ್ನು ಕೆಡಿಸುವುದಕ್ಕೆ ಅಧಿಕಾರವೊಂದೇ ಸಾಕಾಗಿತ್ತು. ಉಳಿಸುವುದಕ್ಕೆ ತಿಳಿವಳಿಕೆಯೂ ದಯೆಯೂ ಕೂಡಿ ಬೇಕು. ನಮ್ಮ ಅಂಗಡಿಗಳ ಎದುರು ಬಿದ್ದವನಿಗೆ ಅವೆರಡೂ ದೊರೆಯಲಿ.