ಮಂಡ್ಯ: ನಾಲೆಯ ನೀರು ಕಟ್ಟಿದ ನಗರ

ಮಂಡ್ಯವೆಂದೊಡನೆ ಹೊರನಾಡಿನಲ್ಲಿರುವ ನಮಗೆ ಕಬ್ಬಿನ ಗದ್ದೆ, ಆಲೆಮನೆ, ಬೆಲ್ಲದ ನೆನಪಾಗುತ್ತದೆ. ಈ ಹಸಿರು ಅಲ್ಲಿ ಅನಾದಿಯಿಂದಲೂ ಇತ್ತೆಂದೇ ಭಾವಿಸುತ್ತೇವೆ. ಆದರೆ ನೂರು ವರ್ಷಗಳ ಹಿಂದೆ, ಕೆರೆಗಳ ಕೆಳಗಿನ ಗದ್ದೆಗಳನ್ನು ಬಿಟ್ಟರೆ, ಆ ಊರಿನ ಸುತ್ತ ಇದ್ದುದು ಬಹುಪಾಲು ಮಳೆಯನ್ನೇ ನಂಬಿದ ರಾಗಿಯ ಹೊಲ.

1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟೆ ಕಟ್ಟುವ ಕೆಲಸ ಆರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಆ ನೀರನ್ನು ಮಂಡ್ಯದ ಸೀಮೆಗೆ ತಂದಿತು. ನೀರು ಬಂದಲ್ಲಿ ಕಬ್ಬು ಬೆಳೆಯಬಹುದು. ಬೆಳೆದ ಕಬ್ಬನ್ನು ಕೊಳ್ಳುವವರು ಬೇಕು. ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿದಾಗ ಮಂಡ್ಯ ಹೊಸ ಜಿಲ್ಲೆಯ ಕೇಂದ್ರವಾಯಿತು.

ಈ ಏಳಿಗೆಗೆ ಬೆಲೆ ತೆತ್ತವರು ಬೇರೆ. ಹಳೆಯ ಕನ್ನಂಬಾಡಿ ತನ್ನ ವೇಣುಗೋಪಾಲಸ್ವಾಮಿ ದೇವಾಲಯದೊಡನೆ ಜಲಾಶಯದಲ್ಲಿ ಮುಳುಗಿತು. ಅಲ್ಲಿನ ಜನ ಮನೆ, ಹೊಲ ಬಿಟ್ಟು ಎದ್ದರು. ಕೃಷ್ಣರಾಜಸಾಗರವೆಂಬ ಹೆಸರಿದ್ದರೂ ಆ ಸೀಮೆಯವರ ಬಾಯಲ್ಲಿ ಅದು ಇಂದಿಗೂ ಕನ್ನಂಬಾಡಿ ಕಟ್ಟೆಯೇ. ಮಂಡ್ಯದ ಚರಿತ್ರೆಯನ್ನು ಹೇಳುವಾಗ ನಾವು ಆ ಊರಿನಿಂದಲೇ ಆರಂಭಿಸುವುದು ನ್ಯಾಯ.